ಕ್ಲಚ್ ಡ್ರಮ್ ಬದಲಿಸುವ ಮುಂಚೆ

ಮರ ಕೊಯ್ಯುವ ಚೈನ್ ಸಾಗೆ ಹೊಸ ಚೈನ್ ಹಾಕಿಕೊಂಡವರು ಸ್ವಲ್ಪ ದಿನಕ್ಕೇ ಮತ್ತೆ ದೂರು ಹೇಳುವುದನ್ನು ಕೇಳಿದ್ದೇನೆ. ಎಷ್ಟು ಬಿಗಿ ಮಾಡಿದರೂ ಚೈನ್ ಸಡಿಲ ಆಗುತ್ತದೆ. ಕೊಯ್ಯುವಾಗ ಕಟಕಟ ಅನ್ನುತ್ತದೆ. ಒಮ್ಮೊಮ್ಮೆ ತಾನು ಸುತ್ತುವ ಉದ್ದನೆಯ ಪಟ್ಟಿಯಿಂದ, ಅಂದರೆ ಬಾರ್‌ನಿಂದ, ಜಿಗಿದು ಹೊರಗೆ ಬರುತ್ತದೆ. ಚೈನೇ ಸರಿಯಿಲ್ಲ ಅನ್ನುತ್ತಾರೆ, ಬಾರ್ ಸವೆದಿರಬೇಕು ಅನ್ನುತ್ತಾರೆ, ಅರ ಹಾಕಿದವರಿಗೆ ಕೆಲಸ ಬರುವುದಿಲ್ಲ ಅನ್ನುತ್ತಾರೆ. ಪಕ್ಕದ ಕವರ್ ಬಿಚ್ಚಿ, ಚೈನನ್ನು ಎಳೆಯುವ ಬಟ್ಟಲಿನಂತಹ ಕ್ಲಚ್ ಡ್ರಮ್ ನೋಡಿದ್ದೀರಾ ಅಂತ ಕೇಳಿದರೆ ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ.

ಇದು ನನ್ನನ್ನು ತುಂಬಾ ಕಾಡಿದ ವಿಷಯ. ಚೈನ್ ಸಾ ಅಂದರೆ ನಮ್ಮ ಕಣ್ಣೆಲ್ಲ ಕೊಯ್ಯುವ ಕಡೆಗೇ ಹೋಗುತ್ತದೆ. ಇವತ್ತಿನ ಚೈನ್‌ನ ಹಲ್ಲಿನ ಆಕಾರ ಹೇಗೆ ಬಂತು ಅನ್ನುವ ಕಥೆ ಈ ಮಿಷನ್ ಬಳಸುವ ಎಷ್ಟೋ ಜನರಿಗೆ ಗೊತ್ತು. ಅಮೆರಿಕದ ಒರೆಗಾನ್‌ನಲ್ಲಿ ಜೋಸೆಫ್ ಬ್ಯೂಫೋರ್ಡ್ ಕಾಕ್ಸ್ ಅನ್ನುವವರು 1946ರಲ್ಲಿ ಮರ ಕೊರೆಯುವ ಹುಳುವನ್ನು ಕೂತು ನೋಡಿದರು, ಅದು ಎಡಕ್ಕೂ ಬಲಕ್ಕೂ ಕೊರೆಯುವ ರೀತಿಯನ್ನೇ ಚೈನ್‌ಗೆ ತಂದರು. ಒಳ್ಳೆಯ ಕಥೆ. ಆದರೆ ಆ ಚೈನನ್ನು ಎಳೆಯುವ ಭಾಗದ ಬಗ್ಗೆ ಯಾರೂ ಕಥೆ ಹೇಳುವುದಿಲ್ಲ. ಅದು ಕವರ್ ಹಿಂದೆ, ಎಣ್ಣೆ ಮೆತ್ತಿದ ಹೊಟ್ಟಿನಲ್ಲಿ ಮುಚ್ಚಿಹೋಗಿರುತ್ತದೆ.

ಇನ್ನೂ ಒಂದು ಮಾತಿದೆ, ನನಗೆ ಮುಖ್ಯ ಅನಿಸುವುದು ಅದೇ. ಡ್ರಮ್ ಬದಲಿಸುವವರು ಕೂಡ ಹಳೆಯದನ್ನು ತೆಗೆದು ಮೂಲೆಗೆ ಎಸೆದು, ಹೊಸದು ಕೂರಿಸಿ, ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಡ್ರಮ್ ತಾನೇ ತಾನಾಗಿ ಕೆಡುವುದು ಕಡಿಮೆ. ಸವೆದ ಚೈನೋ, ಒಣಗಿದ ಬೇರಿಂಗೋ, ನಡೆಸುವವರ ಒಂದು ಅಭ್ಯಾಸವೋ ಅದರ ಮೇಲೆ ಗುರುತು ಬಿಟ್ಟಿರುತ್ತದೆ. ಆ ಗುರುತು ನೋಡದೆ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಹಾಗಾಗಿ ಈ ಕೆಲಸವನ್ನು ಮನೆಯಲ್ಲೇ ಮಾಡಿ ಅಂತ ನಾನು ಹೇಳುವುದು ಖರ್ಚು ಉಳಿಯುತ್ತದೆ ಅಂತಲ್ಲ. ಹಳೆಯ ಡ್ರಮ್ ನಿಮ್ಮ ಕೈಗೇ ಸಿಗುತ್ತದೆ ಅಂತ.

ಚಿಕ್ಕಪ್ಪನ ಮಿಷನ್

ಚಿಕ್ಕಪ್ಪ ತಮ್ಮ ಚೈನ್ ಸಾ ತಂದು ಬೆಂಚಿನ ಮೇಲಿಟ್ಟು, "ಕಾರ್ಬ್ಯುರೇಟರ್ ಹೋಗಿದೆ ಕಣೋ" ಅಂದರು. "ಐಡ್ಲಿಂಗ್ ಕಡಿಮೆ ಮಾಡಿದರೆ ಆಫ್ ಆಗುತ್ತೆ. ಸ್ವಲ್ಪ ಜಾಸ್ತಿ ಮಾಡಿದರೆ ಚೈನ್ ತಾನಾಗೇ ಓಡುತ್ತೆ. ಸ್ಕ್ರೂ ತಿರುಗಿಸಿ ತಿರುಗಿಸಿ ಸಾಕಾಯಿತು."

ಅವರ ಮಾತಿನಲ್ಲೇ ಸುಳಿವಿತ್ತು. ಚೆನ್ನಾಗಿರುವ ಚೈನ್ ಸಾದಲ್ಲಿ ಎಂಜಿನ್ ಸುಮ್ನೆ ಓಡುವಾಗ ನಿಮಿಷಕ್ಕೆ 2,500ರಿಂದ 3,000 ಸುತ್ತು ತಿರುಗುತ್ತದೆ. ಕ್ಲಚ್ ಹಿಡಿಯಲು ಶುರು ಮಾಡುವುದು 3,500 ದಾಟಿದ ಮೇಲೆ, ಕೆಲವು ಮಿಷನ್‌ಗಳಲ್ಲಿ 4,000 ದಾಟಿದ ಮೇಲೆ. ಇವೆರಡರ ನಡುವೆ ಒಳ್ಳೆಯ ಅಂತರ ಇದೆ. ಆ ಅಂತರದಲ್ಲೇ ಎಂಜಿನ್ ಆಫ್ ಆಗದೆ, ಚೈನ್ ಓಡದೆ ನಿಂತಿರಬೇಕು. ಚಿಕ್ಕಪ್ಪನ ಮಿಷನ್‌ನಲ್ಲಿ ಅಂತರವೇ ಉಳಿದಿರಲಿಲ್ಲ. ಅಂದರೆ ಕ್ಲಚ್ ಹಿಡಿಯುವ ಮುಂಚೆಯೇ ಏನೋ ಒಂದು ಎಂಜಿನ್ ಶಾಫ್ಟನ್ನೂ ಡ್ರಮ್ಮನ್ನೂ ಅಂಟಿಸಿ ತಿರುಗಿಸುತ್ತಿದೆ.

ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಕಿತ್ತು, ಬ್ರೇಕ್ ಬಿಡಿಸಿ, ಸ್ಟಾರ್ಟರ್ ಹಗ್ಗವನ್ನು ನಿಧಾನಕ್ಕೆ ಎಳೆಯಲು ಹೇಳಿದೆ. ಅವರು ಎಳೆದಂತೆ ಬಾರ್ ಮೇಲೆ ಚೈನ್ ಕೂಡ ತೆವಳಿಕೊಂಡು ಮುಂದೆ ಹೋಯಿತು. ಎಂಜಿನ್ ಓಡುತ್ತಿಲ್ಲ, ಕ್ಲಚ್ ಹಿಡಿಯುವ ವೇಗದ ಹತ್ತಿರವೂ ಇಲ್ಲ, ಆದರೂ ಚೈನ್ ಚಲಿಸುತ್ತಿದೆ. "ಇದು ಕಾರ್ಬ್ಯುರೇಟರ್ ಅಲ್ಲ ಚಿಕ್ಕಪ್ಪ" ಅಂದೆ. ಅವರು ಇನ್ನೊಂದು ಸಲ ಹಗ್ಗ ಎಳೆದು, ಬಗ್ಗಿ ಚೈನನ್ನೇ ನೋಡಿದರು.

ಕವರ್ ತೆಗೆದಾಗ ಒಳಗೆ ಹೊಟ್ಟು ಗಟ್ಟಿಯಾಗಿ ಕೂತಿತ್ತು. ಚೈನ್ ಎಣ್ಣೆ ಹೀರಿ ಕಪ್ಪಾಗಿತ್ತು, ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿಸಿದರೆ ಡ್ರಮ್ಮನ್ನು ಸುತ್ತಿ ಹಿಡಿಯುವ ಬ್ರೇಕ್ ಬ್ಯಾಂಡಿನ ಅಚ್ಚು ಸಮೇತ ತುಂಡು ತುಂಡಾಗಿ ಬಂತು. ಬ್ರಷ್ ಹಾಕಿ ಒರೆಸಿದ ಮೇಲೆ ಡ್ರಮ್ ಕಾಣಿಸಿತು. ಶಾಫ್ಟ್ ತುದಿಯಲ್ಲಿ ಒಂದು ಸಣ್ಣ ಇ-ಕ್ಲಿಪ್, ಅದರ ಕೆಳಗೆ ವಾಷರ್. ಕ್ಲಿಪ್ ಮೇಲೆ ಬಟ್ಟೆ ಮುಚ್ಚಿ ಒತ್ತಿದೆ, ಇಲ್ಲದಿದ್ದರೆ ಅದು ಹಾರಿ ಎಲ್ಲಿ ಬೀಳುತ್ತದೋ ಗೊತ್ತಾಗುವುದಿಲ್ಲ. ವಾಷರ್ ಬಂತು. ಡ್ರಮ್ ಮಾತ್ರ ಸುಲಭಕ್ಕೆ ಬರಲಿಲ್ಲ. ಅಲುಗಾಡಿಸಿ ಅಲುಗಾಡಿಸಿ ಎಳೆಯಬೇಕಾಯಿತು.

ಬಂದ ಡ್ರಮ್ಮನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದೆವು. ಹೊರಗಿನ ನಕ್ಷತ್ರದಂತಹ ಹಲ್ಲುಗಳ ಮೇಲೆ ಚೈನ್ ಕೂತು ಕೂತು ತೋಡು ಬಿದ್ದಿತ್ತು. ಉಗುರು ಎಳೆದರೆ ಪ್ರತಿ ಹಲ್ಲಿನಲ್ಲೂ ಸಿಕ್ಕಿಹಾಕಿಕೊಳ್ಳುತ್ತಿತ್ತು. ಒಳಗೋಡೆಯಲ್ಲಿ, ಡ್ರಮ್ಮನ್ನು ಒಳಗಿನಿಂದ ಒತ್ತಿ ತಿರುಗಿಸುವ ಕ್ಲಚ್ ಶೂ ಉಜ್ಜುವ ಅಗಲಕ್ಕೆ ಸರಿಯಾಗಿ ಒಂದು ಪಟ್ಟಿ. ಅಂಚಿನಲ್ಲಿ ಒಣಹುಲ್ಲಿನ ಬಣ್ಣ, ನಡುವೆ ಕಂದು, ಆಮೇಲೆ ಕಡು ನೀಲಿ. ಶಾಫ್ಟ್ ಮೇಲೆ ಉಳಿದಿದ್ದ ಸೂಜಿ ಬೇರಿಂಗ್ ತೆಗೆದು ನೋಡಿದರೆ ಗ್ರೀಸಿನ ಹೆಸರೇ ಇರಲಿಲ್ಲ. ಕೆಂಪು ಕಂದು ಪುಡಿ ಇತ್ತು, ಕೆಲವು ಸೂಜಿಗಳು ತಿರುಗುತ್ತಲೇ ಇರಲಿಲ್ಲ.

"ಚಿಕ್ಕಪ್ಪ, ಸ್ಟಾರ್ಟ್ ಆದ ಮೇಲೆ ಏನು ಮಾಡುತ್ತೀರಿ?"

"ಏನು ಮಾಡೋದು? ಬಿಸಿ ಆಗಲಿ ಅಂತ ಸ್ವಲ್ಪ ಹೊತ್ತು ಬಿಡುತ್ತೀನಿ. ಅಷ್ಟರಲ್ಲಿ ದಿಮ್ಮಿ ಸರಿಮಾಡಿಕೊಳ್ಳುತ್ತೀನಿ."

"ಬ್ರೇಕ್ ಹಾಕಿರುತ್ತೀರಾ?"

"ಹಾಕಿಯೇ ಸ್ಟಾರ್ಟ್ ಮಾಡಬೇಕು ಅಂತ ಪುಸ್ತಕದಲ್ಲೇ ಬರೆದಿದೆಯಲ್ಲ."

ಬರೆದಿದೆ, ನಿಜ. ಅದು ಸರಿಯಾದ ಮಾತೇ. ಆದರೆ ಅದರ ಮುಂದಿನ ಸಾಲನ್ನೂ ಓದಬೇಕು. ಎಂಜಿನ್ ಹತ್ತಿಕೊಂಡ ಕೂಡಲೇ ಆಕ್ಸಿಲರೇಟರ್ ಒಂದು ಸಲ ಒತ್ತಿ ಬಿಡಬೇಕು. ಸ್ಟಾರ್ಟ್ ಮಾಡುವಾಗ ಅರ್ಧ ತೆರೆದು ಲಾಕ್ ಆಗಿರುವ ಥ್ರಾಟಲ್ ಆಗ ಬಿಟ್ಟುಕೊಂಡು ಐಡ್ಲಿಂಗ್‌ಗೆ ಇಳಿಯುತ್ತದೆ. ಚಿಕ್ಕಪ್ಪ ಅದನ್ನು ಲಾಕ್‌ನಲ್ಲೇ ಬಿಟ್ಟು ದಿಮ್ಮಿ ಉರುಳಿಸಲು ಹೋಗುತ್ತಿದ್ದರು. ಅಷ್ಟು ಹೊತ್ತೂ ಎಂಜಿನ್ ಕ್ಲಚ್ ಹಿಡಿಯುವ ವೇಗದಲ್ಲಿ ಓಡುತ್ತಿತ್ತು, ಬ್ರೇಕ್ ಡ್ರಮ್ಮನ್ನು ಬಿಗಿಯಾಗಿ ಹಿಡಿದು ನಿಲ್ಲಿಸಿತ್ತು, ಶೂಗಳು ನಿಂತ ಡ್ರಮ್ಮಿನ ಒಳಗೋಡೆಯನ್ನು ಉಜ್ಜುತ್ತಲೇ ಇದ್ದವು.

ಒಳಗೆ ನಡೆಯುವುದು ಇಷ್ಟೇ

ಚೈನ್ ಸಾದ ಕ್ಲಚ್‌ಗೆ ಕೈಯಿಂದ ಒತ್ತುವ ಲಿವರ್ ಇಲ್ಲ. ಎಂಜಿನ್ ಶಾಫ್ಟಿಗೆ ಎರಡೋ ಮೂರೋ ಭಾರವಾದ ಶೂಗಳು ಇರುತ್ತವೆ. ಅವುಗಳನ್ನು ಒಳಕ್ಕೆ ಹಿಡಿದಿರಲು ಸ್ಪ್ರಿಂಗ್ ಇರುತ್ತದೆ. ಹಗ್ಗಕ್ಕೆ ಕಲ್ಲು ಕಟ್ಟಿ ಬೀಸಿದರೆ ಕಲ್ಲು ಹೊರಕ್ಕೆ ಎಳೆಯುತ್ತದಲ್ಲ, ಹಾಗೆಯೇ ವೇಗ ಏರಿದಾಗ ಶೂಗಳು ಸ್ಪ್ರಿಂಗನ್ನು ಮೀರಿ ಹೊರಕ್ಕೆ ಬರುತ್ತವೆ. ಸುತ್ತ ಇರುವ ಡ್ರಮ್ಮಿನ ಒಳಗೋಡೆಗೆ ಒತ್ತಿಕೊಂಡು ಅದನ್ನೂ ತಿರುಗಿಸುತ್ತವೆ. ಡ್ರಮ್ಮಿನ ಜೊತೆ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ಸ್ಪ್ರಾಕೆಟ್ ಜೊತೆ ಚೈನ್. ವೇಗ ಇಳಿದರೆ ಸ್ಪ್ರಿಂಗ್ ಶೂಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆಗ ಶಾಫ್ಟ್ ಮಾತ್ರ ತಿರುಗುತ್ತದೆ, ಡ್ರಮ್ ಸೂಜಿ ಬೇರಿಂಗ್ ಮೇಲೆ ನಿಂತಿರುತ್ತದೆ.

ಪೂರ್ತಿ ಒತ್ತಿ ಕೊಯ್ಯುವಾಗ ಶೂ ಮತ್ತು ಡ್ರಮ್ ಒಟ್ಟಿಗೇ ತಿರುಗುತ್ತವೆ, ನಡುವೆ ಜಾರುವಿಕೆ ಇಲ್ಲ, ಸವೆತವೂ ಇಲ್ಲ ಅನ್ನಬಹುದು. ಡ್ರಮ್ ಸವೆಯುವುದು ಹಿಡಿದೂ ಹಿಡಿಯದ ಆ ಮಧ್ಯದ ವೇಗದಲ್ಲಿ. ಅರ್ಧ ಆಕ್ಸಿಲರೇಟರ್‌ನಲ್ಲಿ ಕೊಯ್ಯುವುದು, ಮರದಲ್ಲಿ ಬಾರ್ ಸಿಕ್ಕಿಕೊಂಡಾಗ ಬಿಡದೆ ಒತ್ತುತ್ತಲೇ ಇರುವುದು, ಬ್ರೇಕ್ ಹಾಕಿ ರೇಸ್ ಮಾಡುವುದು, ಇವೆಲ್ಲ ಒಂದೇ ಜಾತಿಯವು. ಮೆಲ್ಲಗೆ ಓಡಿಸಿದರೆ ಮಿಷನ್‌ಗೆ ಒಳ್ಳೆಯದು ಅನ್ನುವ ನಂಬಿಕೆ ಚೈನ್ ಸಾದ ವಿಷಯದಲ್ಲಿ ನಡೆಯುವುದಿಲ್ಲ. ಕೊಯ್ಯುವುದಿದ್ದರೆ ಪೂರ್ತಿ ಒತ್ತಿ, ಇಲ್ಲದಿದ್ದರೆ ಪೂರ್ತಿ ಬಿಡಿ.

ನೀಲಿ ಬಣ್ಣ ಸುಮ್ಮನೆ ಬರುವುದಿಲ್ಲ. ಉಕ್ಕು ಆ ಬಣ್ಣಕ್ಕೆ ತಿರುಗಬೇಕಾದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು. ಅಷ್ಟು ಕಾವು ಡ್ರಮ್ಮಿನಲ್ಲೇ ನಿಲ್ಲುತ್ತದೆಯೇ? ಪಕ್ಕದಲ್ಲೇ ಸೂಜಿ ಬೇರಿಂಗ್ ಇದೆ, ಅದರ ಗ್ರೀಸ್ ಕರಗಿ ಹರಿದುಹೋಗುತ್ತದೆ. ಹಿಂದೆ ಆಯಿಲ್ ಪಂಪ್ ತಿರುಗಿಸುವ ಸಣ್ಣ ಗೇರ್ ಇದೆ, ಅದು ಎಷ್ಟೋ ಮಿಷನ್‌ಗಳಲ್ಲಿ ಪ್ಲಾಸ್ಟಿಕ್‌ನದು. ಶಾಫ್ಟಿನ ಆಯಿಲ್ ಸೀಲ್ ರಬ್ಬರಿನದು. ಶೂಗಳ ಸ್ಪ್ರಿಂಗ್ ಕೂಡ ಕಾದು ಕಾದು ಬಲ ಕಳೆದುಕೊಳ್ಳುತ್ತದೆ. ಚಿಕ್ಕಪ್ಪನ ಮಿಷನ್‌ನ ಕಥೆ ಈಗ ಹಿಂದಿನಿಂದ ಓದಬಹುದು. ಚೈನ್ ತಾನಾಗಿ ಓಡುತ್ತಿದ್ದುದು ಬೇರಿಂಗ್ ಹಿಡಿದುಕೊಂಡದ್ದರಿಂದ. ಬೇರಿಂಗ್ ಹಿಡಿದದ್ದು ಗ್ರೀಸ್ ಒಣಗಿದ್ದರಿಂದ. ಗ್ರೀಸ್ ಒಣಗಿದ್ದು ಡ್ರಮ್ ಕಾದದ್ದರಿಂದ. ಡ್ರಮ್ ಕಾದದ್ದು ಬೆಳಗ್ಗೆ ದಿಮ್ಮಿ ಉರುಳಿಸುವ ಆ ಹೊತ್ತಿನಿಂದ. ಬರೀ ಹೊಸ ಡ್ರಮ್ ಹಾಕಿ ಕಳಿಸಿದ್ದರೆ ಚೈನ್ ಓಡುವುದು ನಿಲ್ಲುತ್ತಲೇ ಇರಲಿಲ್ಲ. ಬೇರಿಂಗ್ ಕೂಡ ಹೊಸದು ಹಾಕಿದ್ದರೆ ಸ್ವಲ್ಪ ಕಾಲ ನಿಲ್ಲುತ್ತಿತ್ತು, ಆಮೇಲೆ ಮತ್ತೆ ಅದೇ.

ಬಣ್ಣವಿಲ್ಲದೆಯೂ ಒಳಗೋಡೆ ತೆಳ್ಳಗಾಗಬಹುದು. ಅಂಚಿನಲ್ಲಿ ಶೂ ಮುಟ್ಟದ ಜಾಗ ಹಾಗೇ ಉಳಿದು, ನಡುವೆ ತಗ್ಗಾಗಿ, ಬೆರಳಿಗೆ ಮೆಟ್ಟಿಲು ಸಿಗುತ್ತದೆ. ಗೋಡೆಯ ದಪ್ಪ ಹೊಸದರ ಸುಮಾರು 80 ಪ್ರತಿಶತಕ್ಕಿಂತ ಕೆಳಗೆ ಇಳಿದರೆ ಬದಲಿಸಿ ಅನ್ನುವುದು ಸರ್ವಿಸ್ ಕೈಪಿಡಿಗಳಲ್ಲಿ ಸಿಗುವ ಅಳತೆ. ಆಮೇಲೂ ಓಡಿಸುವುದು ಅಪಾಯ. ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತು ತಿರುಗುವ ಉಕ್ಕು ಒಡೆದರೆ ಅದು ಕವರ್ ಒಳಗೇ ಉಳಿಯುತ್ತದೆ ಅಂತ ನಂಬಿ ಕೂರುವುದು ಬೇಡ.

ಹಲ್ಲುಗಳ ಲೆಕ್ಕ

ಹಲ್ಲಿನ ಮೇಲೆ ಬೀಳುವ ತೋಡು ಬೇರೆಯೇ ಕಥೆ, ಅದು ಚೈನ್ ಜೊತೆಗಿನದು. 7 ಹಲ್ಲಿನ, 3/8 ಇಂಚಿನ (ಇದು ಚೈನ್‌ನ ಅಳತೆ, ಅಳೆಯುವ ರೀತಿ ಮುಂದೆ ಇದೆ) ಸ್ಪ್ರಾಕೆಟ್ ಒಂದು ಸುತ್ತಿಗೆ ಸುಮಾರು 13 ಸೆಂಟಿಮೀಟರ್ ಚೈನ್ ಎಳೆಯುತ್ತದೆ. ಕೊಯ್ಯುವಾಗ ನಿಮಿಷಕ್ಕೆ 9,000 ಸುತ್ತು ಅಂತ ಹಿಡಿದರೆ ಚೈನ್ ಸೆಕೆಂಡಿಗೆ ಹತ್ತಿರ ಹತ್ತಿರ 20 ಮೀಟರ್ ಓಡುತ್ತದೆ. ಪ್ರತಿ ಹಲ್ಲೂ ಒಂದು ಸೆಕೆಂಡಿನಲ್ಲಿ 150 ಸಲ ಚೈನ್‌ನ ಕೊಂಡಿಗೆ ಹೆಗಲು ಕೊಡುತ್ತದೆ. ಇದನ್ನು ಯೋಚಿಸಿದ ಮೇಲೆ ನನಗೆ ಹಲ್ಲು ಸವೆಯುವುದು ಆಶ್ಚರ್ಯ ಅನಿಸಲಿಲ್ಲ. ಅದು ಅಷ್ಟು ಕಾಲ ತಾಳುವುದೇ ಆಶ್ಚರ್ಯ ಅನಿಸಿತು.

ಚೈನ್ ಹಳೆಯದಾದಂತೆ ರಿವೆಟ್‌ಗಳ ತೂತು ಸವೆದು ಕೊಂಡಿಗಳ ನಡುವಿನ ದೂರ ಕೂದಲೆಳೆಯಷ್ಟು ಹೆಚ್ಚುತ್ತದೆ. ಹಲ್ಲಿನ ತೋಡು ಆ ಹೆಚ್ಚಿದ ದೂರಕ್ಕೆ ಹೊಂದಿಕೊಂಡೇ ಬೀಳುತ್ತದೆ. ಹಳೆಯ ಚೈನ್, ಹಳೆಯ ಹಲ್ಲು, ಎರಡೂ ಒಂದಕ್ಕೊಂದು ಒಗ್ಗಿ ಓಡುತ್ತಿರುತ್ತವೆ. ಈಗ ಹೊಸ ಚೈನ್ ಹಾಕಿ ನೋಡಿ. ಅದರ ದೂರ ಸರಿಯಾಗಿದೆ, ಹಲ್ಲಿನದ್ದು ಸರಿಯಿಲ್ಲ. ಕೊಂಡಿ ತೋಡಿನಲ್ಲಿ ಕೂರದೆ ಹಲ್ಲಿನ ಅಂಚಿಗೆ ಹೊಡೆದು ಜಾರುತ್ತದೆ. ಆ ಕಟಕಟ ಸದ್ದು ಇದರದೇ. ಹೊಸ ಚೈನ್ ಬೇಗ ಎಳೆದುಕೊಂಡು ಉದ್ದವಾಗುವುದೂ ಇದರಿಂದಲೇ. ಹೊಸ ಸ್ಪ್ರಾಕೆಟ್ ಮೇಲೆ ತೀರಾ ಹಳೆಯ ಚೈನ್ ಓಡಿಸಿದರೆ ಉಲ್ಟಾ ಆಗುತ್ತದೆ, ಚೈನ್ ಹೊಸ ಹಲ್ಲನ್ನು ತಿನ್ನುತ್ತದೆ.

ತೋಡಿನ ಆಳ ಅರ್ಧ ಮಿಲಿಮೀಟರ್ ಆದರೆ ಬದಲಿಸಬೇಕು. ಅಳೆಯುವ ಗೇಜ್ ಇಲ್ಲದಿದ್ದರೂ ಉಗುರಿಗೆ ಗೊತ್ತಾಗುತ್ತದೆ. ಇದಕ್ಕಿಂತ ಒಳ್ಳೆಯದು ಎರಡು ಚೈನ್ ಇಟ್ಟುಕೊಂಡು ಅದಲು ಬದಲು ಮಾಡುತ್ತಾ ಓಡಿಸುವುದು. ಎರಡೂ ಮುಗಿಯುವ ಹೊತ್ತಿಗೆ ಸ್ಪ್ರಾಕೆಟ್ ಕೂಡ ಮುಗಿದಿರುತ್ತದೆ, ಮೂರನ್ನೂ ಒಟ್ಟಿಗೆ ಬದಲಿಸಬಹುದು. ತಯಾರಕರು ಹೇಳುವುದೂ ಇದನ್ನೇ. ಚೈನ್‌ಗೆ ಅರ ಹಾಕಲು ಅಷ್ಟು ಆಸ್ಥೆ ವಹಿಸುವ ನಾವು ಈ ಒಂದು ಮಾತನ್ನು ಏಕೆ ಬಿಟ್ಟುಬಿಡುತ್ತೇವೋ.

ಬಿಚ್ಚುವಾಗ

ಚಿಕ್ಕಪ್ಪನದು ಸುಲಭದ ಜಾತಿ. ಡ್ರಮ್ ಹೊರಗೆ, ಕ್ಲಚ್ ಒಳಗೆ. ಕ್ಲಿಪ್ ತೆಗೆದರೆ ಡ್ರಮ್ ಕೈಗೆ ಬರುತ್ತದೆ. ಇನ್ನೊಂದು ಜಾತಿಯಲ್ಲಿ ಕ್ಲಚ್ ಹೊರಗೆ ಇರುತ್ತದೆ, ಡ್ರಮ್ ಅದರ ಹಿಂದೆ. ಕ್ಲಚ್ ಬಿಚ್ಚದೆ ಡ್ರಮ್ ಬರುವುದಿಲ್ಲ. ಎರಡರಲ್ಲೂ ಬಿಚ್ಚುವ ಮುಂಚೆ ಬ್ರೇಕ್ ಬಿಡಿಸಿರಬೇಕು. ಬ್ಯಾಂಡ್ ಡ್ರಮ್ಮನ್ನು ಸುತ್ತಿ ಹಿಡಿದಿದ್ದರೆ ಎಷ್ಟು ಎಳೆದರೂ ಪ್ರಯೋಜನವಿಲ್ಲ. ಕೆಲವು ಮಿಷನ್‌ಗಳಲ್ಲಿ ಬ್ಯಾಂಡ್ ಕವರ್‌ನಲ್ಲೇ ಇರುತ್ತದೆ. ಬ್ರೇಕ್ ಹಾಕಿದ ಸ್ಥಿತಿಯಲ್ಲಿ ಆ ಕವರ್ ತೆಗೆದರೆ ಬ್ಯಾಂಡ್ ಮುದುಡಿಕೊಂಡು, ವಾಪಸ್ ಕೂರಿಸುವಾಗ ಡ್ರಮ್ ಮೇಲೆ ಹತ್ತುವುದೇ ಇಲ್ಲ.

ಹೊರಗಿನ ಕ್ಲಚ್ ಬಿಚ್ಚುವುದನ್ನು ನಾನು ಮೊದಲು ನೋಡಿದ್ದು ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ. ಕ್ಲಚ್ ತಿರುಗಿಸಿದರೆ ಶಾಫ್ಟೂ ಅದರ ಜೊತೆ ತಿರುಗುತ್ತದೆ, ಹಾಗಾಗಿ ಪಿಸ್ಟನ್ ಅಲುಗದಂತೆ ತಡೆಯಬೇಕು. ಅವರು ಪ್ಲಗ್ ಬಿಚ್ಚಿ, ಹಳೆಯ ಸ್ಟಾರ್ಟರ್ ಹಗ್ಗದ ಒಂದು ತುಂಡು ತಗೊಂಡು, ಅದರ ಹೊರ ತುದಿಗೆ ಗಂಟು ಹಾಕಿದರು. ನಾನು ಹಗ್ಗ ತೂರಿಸಲು ಕೈ ಚಾಚಿದಾಗ ತಡೆದರು. "ಮೊದಲು ಪಿಸ್ಟನ್ ಎಲ್ಲಿದೆ ನೋಡಪ್ಪ. ಕೆಳಗಿದ್ದರೆ ಹಗ್ಗ ಕಿಟಕಿಗೆ ಹೋಗುತ್ತೆ." ಹೊಗೆ ಹೊರಗೆ ಹೋಗುವ ಎಕ್ಸಾಸ್ಟ್ ಪೋರ್ಟಿಗೆ ಅವರು ಕಿಟಕಿ ಅನ್ನುತ್ತಿದ್ದರು. ಪಿಸ್ಟನ್ ತಗ್ಗಿನಲ್ಲಿದ್ದರೆ ಆ ಕಿಟಕಿ ತೆರೆದಿರುತ್ತದೆ. ಹಗ್ಗದ ಮಡಿಕೆ ಅದರೊಳಗೆ ಇಳಿದು ಕೂತರೆ, ಪಿಸ್ಟನ್ ಮೇಲೆ ಬಂದಾಗ ಅದರ ಅಂಚು ಹಗ್ಗವನ್ನು ಕತ್ತರಿಸುತ್ತದೆ. ಎಳೆ ಒಳಗೆ ಉಳಿಯುತ್ತದೆ, ಪಿಸ್ಟನ್‌ಗೂ ಏಟಾಗುತ್ತದೆ. ಅವರು ಸ್ಟಾರ್ಟರ್ ಹಗ್ಗವನ್ನು ಮೆಲ್ಲಗೆ ಎಳೆದು, ಪ್ಲಗ್ ತೂತಿಗೆ ಬೆರಳಿಟ್ಟು, ಗಾಳಿ ಬೆರಳನ್ನು ಹೊರಕ್ಕೆ ತಳ್ಳುವವರೆಗೆ ಪಿಸ್ಟನ್ ಮೇಲಕ್ಕೆ ತಂದರು. ನನ್ನ ಬೆರಳನ್ನೂ ಇಡಿಸಿದರು. ಆ ಒತ್ತಡ ಬಂತು ಅಂದರೆ ಕಿಟಕಿ ಮುಚ್ಚಿತು ಅಂತ ಅರ್ಥ. ಆಮೇಲೆ ಹಗ್ಗವನ್ನು ಇಷ್ಟಿಷ್ಟೇ ತಳ್ಳಿ, ಒಳಗೆ ಮೆತ್ತೆಯ ಹಾಗೆ ತುಂಬಿಸಿ, ಗಂಟನ್ನು ಹೊರಗೇ ಬಿಟ್ಟರು.

ಪ್ಲಾಸ್ಟಿಕ್ ಪಿಸ್ಟನ್ ಸ್ಟಾಪ್ ಕೂಡ ಸಿಗುತ್ತದೆ, ಅದೂ ನಡೆಯುತ್ತದೆ. ನನಗೆ ಮಾತ್ರ ಹಗ್ಗವೇ ಇಷ್ಟ. ಪಿಸ್ಟನ್ ತಲೆಯ ಒಂದೇ ಬಿಂದುವಿಗೆ ಬೀಳಬೇಕಾದ ಬಲವನ್ನು ಅದು ಅಗಲಕ್ಕೆ ಹಂಚುತ್ತದೆ. ಕಬ್ಬಿಣದ ಸ್ಟಾಪ್ ಬೇಡವೇ ಬೇಡ.

ಇನ್ನು ತಿರುಗಿಸುವ ದಿಕ್ಕು. ಇಲ್ಲಿರುವುದು ಉಲ್ಟಾ ಥ್ರೆಡ್. ಬಿಚ್ಚಲು ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೇ ತಿರುಗಿಸಬೇಕು. ಎಷ್ಟೋ ಕ್ಲಚ್‌ಗಳ ಮುಖದ ಮೇಲೆ ಬಾಣದ ಗುರುತು ಹಾಕಿರುತ್ತಾರೆ, ಕೊಳೆ ಒರೆಸಿದರೆ ಕಾಣುತ್ತದೆ. ಹೀಗೇಕೆ ಅಂದರೆ, ಕ್ಲಚ್ ಕಡೆಯಿಂದ ನೋಡಿದಾಗ ಶಾಫ್ಟ್ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಮರ ಕೊಯ್ಯುವ ಭಾರ ಕ್ಲಚ್ಚನ್ನು ಅದಕ್ಕೆ ವಿರುದ್ಧವಾಗಿ ಹಿಂದಕ್ಕೆ ಎಳೆಯುತ್ತದೆ. ಉಲ್ಟಾ ಥ್ರೆಡ್ ಇದ್ದರೆ ಆ ಎಳೆತ ಕ್ಲಚ್ಚನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಸಾಮಾನ್ಯ ಥ್ರೆಡ್ ಇದ್ದಿದ್ದರೆ ಕೆಲಸದ ನಡುವೆಯೇ ಬಿಚ್ಚಿಕೊಂಡು ಬರುತ್ತಿತ್ತು. ಕೊಯ್ದಷ್ಟೂ ಬಿಗಿಯಾಗುತ್ತದೆ ಅನ್ನುವುದೇ ಬಿಚ್ಚುವಾಗ ನಮಗೆ ಕಷ್ಟ. ಆ ಬಿಗಿಗೆ ಉಳಿ, ಸುತ್ತಿಗೆ ಹಿಡಿಯುವವರನ್ನು ನೋಡಿದ್ದೇನೆ. ಉಳಿಯ ಏಟಿಗೆ ಕ್ಲಚ್‌ನ ಮೈ ಚೂರಾಗುತ್ತದೆ. ಆ ಮಾಡೆಲ್‌ಗೆ ಹೊಂದುವ ಟೂಲ್ ಇದ್ದರೆ, ಅಥವಾ ನಡುವೆ ಆರು ಮೂಲೆಯ ಜಾಗವಿದ್ದು ಸಾಕೆಟ್ ಕೂರುವಂತಿದ್ದರೆ, ಉದ್ದದ ಹಿಡಿ ಹಾಕಿ ಒಂದೇ ಸಮನೆ ಬಲ ಕೊಟ್ಟರೆ ಸಾಕು. ಹಗ್ಗ ಒತ್ತಿಕೊಳ್ಳುವವರೆಗೆ ಶಾಫ್ಟ್ ಸ್ವಲ್ಪ ತಿರುಗಿ, ಮೆತ್ತಗೆ ನಿಂತು, ಆಮೇಲೆ ಟಕ್ ಅಂತ ಥ್ರೆಡ್ ಬಿಡುತ್ತದೆ.

ಹೊಸದು ಕೂರಿಸುವಾಗ

ಡ್ರಮ್ ತರುವ ಮುಂಚೆ ಮಾಡೆಲ್ ಹೆಸರು ಒಂದೇ ಸಾಕಾಗುವುದಿಲ್ಲ. ಒಂದೇ ಮಾಡೆಲ್ಲಿಗೆ ಬೇರೆ ಬೇರೆ ಪಿಚ್ಚಿನ, ಅಂದರೆ ಬೇರೆ ಬೇರೆ ಚೈನ್ ಅಳತೆಯ, ಸ್ಪ್ರಾಕೆಟ್ ಬಂದಿರಬಹುದು. ಚೈನ್‌ನ ಒಂದರ ಹಿಂದೆ ಒಂದು ಇರುವ ಮೂರು ರಿವೆಟ್ ತಗೊಂಡು, ಮೊದಲನೆಯದರಿಂದ ಮೂರನೆಯದರ ದೂರ ಅಳೆದು ಎರಡರಿಂದ ಭಾಗಿಸಿದರೆ ಪಿಚ್ ಸಿಗುತ್ತದೆ. ಸುಮಾರು 8.25 ಮಿಲಿಮೀಟರ್ ಬಂದರೆ 0.325 ಇಂಚು, 9.3 ಬಂದರೆ 3/8. ಹಲ್ಲಿನ ಎಣಿಕೆಯೂ ಹಳೆಯದರಷ್ಟೇ ಇರಲಿ. ಒಂದು ಹಲ್ಲು ಜಾಸ್ತಿ ಇದ್ದರೆ ಚೈನ್ ವೇಗವಾಗಿ ಓಡುತ್ತದೆ ಅನ್ನುವುದು ನಿಜ, ಆದರೆ ಎಳೆಯುವ ಬಲ ಅಷ್ಟೇ ಕಡಿಮೆಯಾಗುತ್ತದೆ. ಸಣ್ಣ ಎಂಜಿನ್ ಒದ್ದಾಡಿ ವೇಗ ಇಳಿದಾಗ ಕ್ಲಚ್ ಜಾರುತ್ತದೆ. ಜಾರಿದರೆ ಮತ್ತೆ ನೀಲಿ ಪಟ್ಟಿ.

ನಕ್ಷತ್ರದ ಹಲ್ಲು ಡ್ರಮ್ಮಿಗೇ ಅಂಟಿರುವ ಬಗೆಯಲ್ಲಿ ಹಲ್ಲು ಸವೆದರೆ ಪೂರ್ತಿ ಡ್ರಮ್ ಬದಲಿಸಬೇಕು. ಇನ್ನೊಂದು ಬಗೆಯಲ್ಲಿ ಡ್ರಮ್ಮಿನ ಮೇಲೆ ಬೇರೆಯಾದ ಒಂದು ಉಂಗುರ ಕೂರುತ್ತದೆ, ರಿಮ್ ಅನ್ನುತ್ತಾರೆ. ಸವೆಯುವುದು ಅದೇ, ಬದಲಿಸುವುದೂ ಅದನ್ನೇ. ರಿಮ್ ಅಡ್ಡಡ್ಡ ಸ್ವಲ್ಪ ಜರುಗುತ್ತದೆ, ಬಾರ್‌ನ ಸೀಳಿಗೆ ನೇರವಾಗಿ ತಾನೇ ನಿಲ್ಲುತ್ತದೆ. ಜಾಸ್ತಿ ಕೆಲಸ ಮಾಡುವವರಿಗೆ ರಿಮ್ ಬಗೆಯೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ, ಮಿಷನ್ ಅದಕ್ಕೆ ಒಪ್ಪುವುದಾದರೆ.

ಹೊಸ ಡ್ರಮ್ ಮೇಲೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ. ಒಳಗೋಡೆಯನ್ನು ಚೆನ್ನಾಗಿ ಒರೆಸಬೇಕು. ಬೇರಿಂಗನ್ನು ಹಳೆಯದೇ ಇಟ್ಟುಕೊಳ್ಳುವ ಆಸೆ ಬೇಡ, ಡ್ರಮ್ ಜೊತೆಗೇ ಹೊಸದು ತಂದುಬಿಡಿ. ಕಾವು ತಡೆಯುವ ಗ್ರೀಸನ್ನು ಸೂಜಿಗಳ ನಡುವೆ ಬೆರಳಲ್ಲಿ ಒತ್ತಿ ತುಂಬಬೇಕು, ಆದರೆ ಹೊರಗೆ ತುಳುಕುವಷ್ಟಲ್ಲ. ಹೆಚ್ಚಾದ ಗ್ರೀಸ್ ತಿರುಗುವಾಗ ಶೂಗಳ ಮೇಲೆ ಹಾರಿ ಕ್ಲಚ್ ಜಾರುತ್ತದೆ. ಬಿಚ್ಚಿದ ಕೈಯಲ್ಲೇ ಶೂಗಳ ದಪ್ಪ, ಸ್ಪ್ರಿಂಗ್‌ಗಳ ಬಿಗಿ, ಬ್ರೇಕ್ ಬ್ಯಾಂಡ್ ಎಲ್ಲಾದರೂ ತೆಳ್ಳಗಾಗಿದೆಯಾ ಅಂತ ನೋಡಿಕೊಳ್ಳಿ. ಚಿಕ್ಕಪ್ಪನ ಮಿಷನ್‌ನಲ್ಲಿ ಒಂದು ಸ್ಪ್ರಿಂಗ್‌ನ ಸುರುಳಿಗಳ ನಡುವೆ ಬೆಳಕು ಕಾಣಿಸುತ್ತಿತ್ತು. ಅದನ್ನೂ ಬದಲಿಸಿದೆವು.

ಇನ್ನು ಬಹಳ ಜನ ಗಮನಿಸದ ಒಂದು ಜಾಗ. ಚೈನ್‌ಗೆ ಎಣ್ಣೆ ಕೊಡುವ ಪಂಪ್ ತಿರುಗುವುದು ಎಷ್ಟೋ ಮಿಷನ್‌ಗಳಲ್ಲಿ ಈ ಡ್ರಮ್ಮಿನಿಂದಲೇ. ಡ್ರಮ್ಮಿನ ಹಿಂದಿನ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಪಂಪಿನ ಗೇರಿನಿಂದ ಹೊರಟ ತಂತಿಯ ತುದಿ ಆ ಕಚ್ಚಿನಲ್ಲಿ ಕೂರಬೇಕು. ಡ್ರಮ್ ತಳ್ಳಿ, ವಾಷರ್ ಇಟ್ಟು, ಕ್ಲಿಪ್ ಹಾಕಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ತಂತಿ ಮಾತ್ರ ಅಂಚಿನ ಮೇಲೆ ನಿಂತು ಬಾಗಿರಬಹುದು. ಆಗ ಎಂಜಿನ್ ಓಡುತ್ತದೆ, ಚೈನ್ ಓಡುತ್ತದೆ, ಎಣ್ಣೆ ಬರುವುದಿಲ್ಲ. ಒಣ ಚೈನ್ ಹೊಸ ಬಾರನ್ನೂ ಸುಟ್ಟುಬಿಡುತ್ತದೆ. ಡ್ರಮ್ಮನ್ನು ಮೆಲ್ಲಗೆ ಒತ್ತುತ್ತಾ ಹಿಂದೆ ಮುಂದೆ ತಿರುಗಿಸಿ. ತಂತಿ ಕಚ್ಚಿಗೆ ಬಿದ್ದಾಗ ಡ್ರಮ್ ಇನ್ನೊಂದಿಷ್ಟು ಒಳಕ್ಕೆ ಇಳಿಯುವುದು ಕೈಗೆ ತಿಳಿಯುತ್ತದೆ. ಚಿಕ್ಕಪ್ಪನಿಗೆ ಇದನ್ನು ಅವರ ಕೈಯಲ್ಲೇ ಮಾಡಿಸಿದೆ. ಕಣ್ಣು ಮುಚ್ಚಿಕೊಂಡು ತಿರುಗಿಸುತ್ತಿದ್ದರು. "ಹಾಂ, ಬಿತ್ತು" ಅಂದರು.

ಸ್ಟಾರ್ಟ್ ಮಾಡಿದ ಮೇಲೆ

ತೊಳೆಯಲು ಬಳಸಿದ ಎಣ್ಣೆ, ಪೆಟ್ರೋಲ್ ಪೂರ್ತಿ ಆರಿದ ಮೇಲೆ ಮಾತ್ರ ಸ್ಟಾರ್ಟ್ ಮಾಡಬೇಕು. ಹೊರಗಿನ ಕ್ಲಚ್ ಬಿಚ್ಚಿದ್ದರೆ ಹಗ್ಗ ತೆಗೆದಿರಾ ಅಂತ ಇನ್ನೊಮ್ಮೆ ನೋಡಿ, ಗಂಟು ಹೊರಗೆ ಬಿಡುವುದು ಅದಕ್ಕೇ. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಬಿಟ್ಟು ಚೈನ್ ನೋಡಿ. ಅದು ಅಲುಗಬಾರದು. ಚಿಕ್ಕಪ್ಪ ಕೆಳಕ್ಕೆ ಇಳಿಸಿದ್ದ ಐಡ್ಲಿಂಗ್ ಸ್ಕ್ರೂವನ್ನು ಮತ್ತೆ ಸರಿಯಾದ ಜಾಗಕ್ಕೆ ತಂದೆವು. ಎಂಜಿನ್ ಆಫ್ ಆಗದೆ ಓಡಿತು, ಚೈನ್ ನಿಂತೇ ಇತ್ತು. ಕಾರ್ಬ್ಯುರೇಟರ್ ಬಿಚ್ಚಬೇಕಾಗಲಿಲ್ಲ. ಆಮೇಲೆ ಬಾರ್ ತುದಿಯನ್ನು ಒಂದು ಬಿಳಿ ರಟ್ಟಿನ ಮೇಲೆ, ತಾಗದಂತೆ ಹಿಡಿದು ವೇಗ ಏರಿಸಿದರೆ ಎಣ್ಣೆಯ ಗೆರೆ ಬೀಳಬೇಕು. ಬಿದ್ದರೆ ತಂತಿ ಸರಿಯಾಗಿ ಕೂತಿದೆ. ಕೊನೆಗೆ ಪೂರ್ತಿ ವೇಗದಲ್ಲಿ ಒಂದು ಸಲ ಬ್ರೇಕ್ ತಳ್ಳಿ ನೋಡಬೇಕು, ಚೈನ್ ಥಟ್ಟನೆ ನಿಲ್ಲಬೇಕು, ತಕ್ಷಣ ಆಕ್ಸಿಲರೇಟರ್ ಬಿಡಬೇಕು. ಬ್ಯಾಂಡ್ ಹಿಡಿಯುವುದು ಡ್ರಮ್ಮಿನ ಹೊರಮೈಯನ್ನು. ಡ್ರಮ್ ಬದಲಾಯಿತು ಅಂದರೆ ಬ್ರೇಕಿನ ಅರ್ಧ ಭಾಗವೇ ಬದಲಾದ ಹಾಗೆ. ಹಾಗಾಗಿ ಈ ಪರೀಕ್ಷೆ ಬಿಡುವಂತಿಲ್ಲ.

ಚಿಕ್ಕಪ್ಪ ಈಗ ಸ್ಟಾರ್ಟ್ ಆದ ಕೂಡಲೇ ಆಕ್ಸಿಲರೇಟರ್ ಒತ್ತಿ ಬಿಡುತ್ತಾರೆ, ದಿಮ್ಮಿಗಳನ್ನು ಮೊದಲೇ ಸರಿಮಾಡಿಕೊಳ್ಳುತ್ತಾರೆ. ಕೆಲವು ಟ್ಯಾಂಕ್ ಪೆಟ್ರೋಲ್ ಮುಗಿದ ಮೇಲೆ ಕವರ್ ತೆಗೆದು ನೋಡಿದೆವು. ಹೊಸ ಡ್ರಮ್ಮಿನ ಒಳಗೆ ಶೂ ಉಜ್ಜಿದ ಹೊಳಪು ಇತ್ತು, ಬಣ್ಣ ಇರಲಿಲ್ಲ. ಹಳೆಯ ಡ್ರಮ್ಮನ್ನು ಸ್ಪೇರ್ ಆಗಿ ಇಟ್ಟುಕೊಳ್ಳೋಣ ಅಂತ ಅವರು ಕೇಳಿದರು. ಬೇಡ ಅಂದೆ. ಪೆಟ್ಟಿಗೆಯಲ್ಲಿ ಇದ್ದರೆ ಒಂದು ದಿನ ಅವಸರದಲ್ಲಿ ಯಾರಾದರೂ ಅದನ್ನೇ ಹಾಕುತ್ತಾರೆ. ಅದರ ಬದಲು ಇನ್ನೊಂದು ಚೈನ್ ತಗೊಳ್ಳಿ, ಎರಡನ್ನೂ ಇದೇ ಡ್ರಮ್ ಮೇಲೆ ಅದಲು ಬದಲು ಓಡಿಸಿ ಅಂದೆ. ಅವರು ಅದೇ ವಾರ ಎರಡನೆಯ ಚೈನ್ ತಂದರು.